ಖಾರದ ಕೌದಿ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರೂರಲ್ಲಿ ಹೇಳುತ್ತಾರೆ. ಹೇಳುವವರು ತಿಂದವರು. ತೊಟ್ಟು ಮುರಿದವರಲ್ಲ.

ಫಕ್ಕೀರವ್ವ ಹನ್ನೆರಡು ವರ್ಷದಿಂದ ತೊಟ್ಟು ಮುರಿಯುತ್ತಿದ್ದಳು. ಬ್ಯಾಡಗಿ ಪೇಟೆಯಲ್ಲಿ ಕೊಟ್ರಪ್ಪ ಸಾಹುಕಾರನ ಅಂಗಡಿ, ಅದರ ಹಿಂದೆ ತಗಡಿನ ಶೆಡ್ಡು. ಬೆಳಿಗ್ಗೆ ಎಂಟಕ್ಕೆ ಅಲ್ಲಿ ಕೂತರೆ ಸಂಜೆ ಆರಕ್ಕೆ ಏಳಬೇಕು. ಕಾಲು ಚಾಚಲು ಜಾಗವಿಲ್ಲ. ಮುಂದೆ ಕೆಂಪು ರಾಶಿ. ಎಡಗೈಯಲ್ಲಿ ಕಾಯಿ, ಬಲಗೈ ಹೆಬ್ಬೆರಳಿನ ಉಗುರಿಗೆ ತೊಟ್ಟು. ಆ ಉಗುರು ಬೆಳೆಯುವುದನ್ನು ಬಿಟ್ಟು ದಪ್ಪಗೆ, ಕರ್ರಗೆ, ಮೊಂಡು ಚಾಕುವಿನಂತೆ ಕೂತುಬಿಟ್ಟಿತ್ತು. ಮೂಗಿಗೆ ಸೆರಗು ಕಟ್ಟಿಕೊಂಡರೂ ಸಂಜೆ ಉಗುಳಿದರೆ ಕೆಂಪಗೆ ಬರುತ್ತಿತ್ತು. ಮೊದಲ ವರ್ಷ ಉರಿ ತಾಳಲಾರದೆ ಮಜ್ಜಿಗೆಯ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಅತ್ತಿದ್ದಳು. ಎರಡನೆಯ ವರ್ಷ ಕೊಬ್ಬರಿ ಎಣ್ಣೆ ಹಚ್ಚಿಕೊಂಡಳು. ಮೂರನೆಯ ವರ್ಷದಿಂದ ಅವಳ ಅಂಗೈಗೆ ಖಾರವೆಂಬುದೇ ತಿಳಿಯಲಿಲ್ಲ. ಸದ್ಯ, ಚರ್ಮಕ್ಕೆ ಬುದ್ಧಿ ಬಂತು ಎಂದುಕೊಂಡಳು.

ಆದರೆ ಮಗಳ ಚರ್ಮಕ್ಕೆ ತಿಳಿಯುತ್ತಿತ್ತು. ಮಧು ಕೂಸಾಗಿದ್ದಾಗ ಒಮ್ಮೆ ಅವಳ ಕೆನ್ನೆ ಸವರಿದ್ದಕ್ಕೆ ಕೂಸು ಉಸಿರುಗಟ್ಟಿ ಅತ್ತು, ಕಣ್ಣು ಎರಡು ದಿನ ಬಾತುಕೊಂಡಿತ್ತು. ಅಂದಿನಿಂದ ಫಕ್ಕೀರವ್ವ ಮಗಳನ್ನು ಎತ್ತಿಕೊಂಡರೆ ಮೊಣಕೈಯಲ್ಲಿ, ಕಣ್ಣೊರೆಸಿದರೆ ಸೆರಗಿನಲ್ಲಿ. ತಲೆ ಬಾಚಲು ಪಕ್ಕದ ಮನೆಯ ಮುದುಕಿ ಬರುತ್ತಿದ್ದಳು. ಮಧುವಿಗೆ ಈಗ ಏಳು ವರ್ಷ. ತಾಯಿಯ ಅಂಗೈ ಹೇಗಿರುತ್ತದೆಂದು ಆ ಹುಡುಗಿಗೆ ನೋಡಿ ಗೊತ್ತು, ಮುಟ್ಟಿ ಗೊತ್ತಿಲ್ಲ.

ಮಧು ಓದುತ್ತಿದ್ದುದು ಊರಂಚಿನ ಸರ್ಕಾರಿ ಶಾಲೆಯಲ್ಲಿ, ಎರಡನೇ ಇಯತ್ತೆ. ಒಂದು, ಎರಡು, ಮೂರು, ಮೂರೂ ಇಯತ್ತೆ ಒಂದೇ ಖೋಲಿಯಲ್ಲಿ, ಸುಧಾರಾಣಿ ಟೀಚರ ಕೈಯಲ್ಲಿ. ಒಟ್ಟು ನಲವತ್ತೊಂದು ಮಕ್ಕಳು, ಅದರಲ್ಲಿ ಮಧುವೂ ಸೇರಿ ಹನ್ನೊಂದು ಕೆಳಗಿನ ಕೇರಿಯವು. ಬರಿಯ ಸಿಮೆಂಟಿನ ನೆಲ. ಚಳಿಗಾಲದಲ್ಲಿ ಮಕ್ಕಳು ಪಾಟಿಚೀಲವನ್ನೇ ಅಡಿಗೆ ಹಾಕಿಕೊಂಡು ಕೂರುತ್ತಿದ್ದವು.

ದೀಪಾವಳಿ ರಜೆ ಮುಗಿದ ಮೇಲೆ ಹೆಡ್ ಮಾಸ್ತರ ವಿಜಯಮಹಾಂತೇಶ ಒಂದು ದೊಡ್ಡ ಹಾಳೆಯನ್ನು ಶಾಲೆಯ ಗೇಟಿಗೆ ಹಚ್ಚಿದರು. ಎಡಕ್ಕೆ ತರಗತಿಗೆ ಬೇಕಾದ ಸಾಮಾನು, ಬಲಕ್ಕೆ ದಾನಿಗಳ ಹೆಸರು. ಟಿ.ವಿ., ಫ್ಯಾನು, ಕಪಾಟು, ನೀರಿನ ಫಿಲ್ಟರು, ಗೋಡೆಗೆ ಬಣ್ಣ. ಸರ್ಕಾರ ತನ್ನ ಪಾಲಿನದು ಕೊಟ್ಟಾಗಿತ್ತು, ಅಂದರೆ ಹೊರಗೋಡೆಗೆ ಸುಣ್ಣ ಬಳಿಸಿತ್ತು. ಉಳಿದದ್ದನ್ನು ಊರು ನೋಡಿಕೊಳ್ಳಬೇಕು. ಊರೇನೂ ಹಿಂದೆ ಬೀಳಲಿಲ್ಲ. ನಮ್ಮ ಕಡೆ ಹೆಸರಿಲ್ಲದೆ ಫ್ಯಾನು ತಿರುಗುವುದಿಲ್ಲ. ಮೂರು ರೆಕ್ಕೆಗೆ ಮೂರು ತಲೆಮಾರಿನ ಹೆಸರು ಬರೆಸುವ ಜನ. ಟಿ.ವಿ.ಯ ಎದುರು ಕೊಟ್ರಪ್ಪನ ಹೆಸರು ಬಂತು. ಶಾಲಾ ಸಮಿತಿಯ ಅಧ್ಯಕ್ಷನೂ ಅವನೇ. ಒಂದು ವಾರದಲ್ಲಿ ಬಲಗಡೆಯೆಲ್ಲ ತುಂಬಿತು.

ಒಂದೇ ಸಾಲು ಖಾಲಿ ಉಳಿಯಿತು.

"ಯವ್ವಾ, ಅದೊಂದು ಯಾರೂ ತಗೊಂಡಿಲ್ಲ," ಎಂದಳು ಮಧು. ಭಾನುವಾರ ಪೇಟೆಗೆ ಹೋಗುವಾಗ ತಾಯಿಯನ್ನು ಗೇಟಿನ ಮುಂದೆ ನಿಲ್ಲಿಸಿ ಹಾಳೆಯನ್ನು ಓದಿ ಹೇಳುತ್ತಿದ್ದಳು. "ನೆಲಹಾಸು."

"ಯಾಕ ತಗೊಂಡಿಲ್ಲಂತ?"

ಜೊತೆಗಿದ್ದ ಬಿಸ್ಮಿಲ್ಲಾಬಿ ನಕ್ಕಳು. ಅವಳೂ ಅದೇ ಶೆಡ್ಡಿನವಳು, ಫಕ್ಕೀರವ್ವನ ಮಗ್ಗುಲಲ್ಲೇ ಕೂರುವವಳು, ಮನೆ ಮಾತ್ರ ಕೇರಿಯ ಹೊರಗೆ. ಅವಳ ಮೊಮ್ಮಗಳು ಸಿಮ್ರಾನ ಮಧುವಿನ ಇಯತ್ತೆ. "ಹಾಸಿನ ಮ್ಯಾಲ ಹೆಸರು ಬರಸಿದರ ಹುಡುಗರು ಅದರ ಮ್ಯಾಲ ಕುಂಡಿ ಊರ್ತಾವ. ಯಾವ ಸಾಹುಕಾರ ಒಪ್ತಾನ ತಂಗಿ?"

ಫಕ್ಕೀರವ್ವನಿಗೂ ನಗು ಬಂತು. ಅರ್ಧ ದಾರಿ ಹೋದ ಮೇಲೆ ನಿಂತಳು.

"ನಮ್ಮ ಹೆಸರಿನ ಮ್ಯಾಲ ಯಾರ್ಯಾರೋ ಕುಂತಾರ. ಹುಡುಗರು ಕುಂತರ ಏನ ಹೋಗ್ತೈತಿ. ನಾವ ಕೊಡೂಣು ನಡಿ."

"ಏನ ಕೊಡ್ತೀ?"

"ಕೌದಿ. ಖೋಲಿ ತುಂಬ ಒಂದ ಕೌದಿ."

ಮರುದಿನ ಸುಧಾರಾಣಿ ಟೀಚರು ಖಾಲಿ ಸಾಲಿನಲ್ಲಿ 'ಫಕ್ಕೀರವ್ವ ಮತ್ತು ಸಂಗಡಿಗರು' ಎಂದು ದುಂಡಗೆ ಬರೆದರು. ಬರೆಯುವಾಗ ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು, ಸುಳ್ಳು ಹೇಳಬಾರದು. ಫಕ್ಕೀರವ್ವ ಆ ಸಾಲನ್ನು ಮಗಳಿಂದ ಮೂರು ಸಲ ಓದಿಸಿದಳು. ರೇಷನ್ ಕಾರ್ಡು ಬಿಟ್ಟರೆ ಅವಳ ಹೆಸರು ಎಲ್ಲಿಯೂ ಬರೆದದ್ದಿರಲಿಲ್ಲ.

ಕೌದಿ ಹೊಲಿಯುವುದನ್ನು ಫಕ್ಕೀರವ್ವ ತವರೂರು ಐರಣಿಯಲ್ಲಿ ಅವ್ವನಿಂದ ಕಲಿತಿದ್ದಳು. ಕೇರಿಯ ಮನೆಮನೆಗೂ ಹೋಗಿ ಅರಿವೆ ಕೂಡಿಸಿದಳು. ಒಬ್ಬಳು ಮದುವೆಯ ಸೀರೆ ಕೊಟ್ಟಳು, ಒಬ್ಬಳು ಬಾಣಂತನದ್ದು. ಬಿಸ್ಮಿಲ್ಲಾಬಿ ತನ್ನ ಹಸಿರು ಓಢನಿ ಕೊಟ್ಟಳು. ಫಕ್ಕೀರವ್ವ ಗಂಡನ ನೀಲಿ ಅಂಗಿ ಕತ್ತರಿಸಿದಳು. ಅವನು ಹಮಾಲಿ ಮಾಡುತ್ತ ಒಟ್ಟಿದ ಚೀಲಗಳ ಥಪ್ಪಿ ಮೈಮೇಲೆ ಕುಸಿದು ಸತ್ತು ನಾಲ್ಕು ವರ್ಷ. ಅಂಗಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಏನು ಮಾಡುವುದು, ಮಗಳು ಅದರ ಮೇಲೆ ಕೂತು ಅಕ್ಷರ ಕಲಿಯಲಿ ಎಂದುಕೊಂಡಳು. ಆ ಹೊತ್ತು ಅತ್ತಳು. ಕಣ್ಣೊರೆಸಿಕೊಳ್ಳಲಿಲ್ಲ, ಆ ಕೈಯಿಂದ ಕಣ್ಣೊರೆಸುವುದನ್ನು ಮರೆತು ಹನ್ನೆರಡು ವರ್ಷವಾಗಿತ್ತು.

ಮಧ್ಯಾಹ್ನ ರೊಟ್ಟಿ ತಿನ್ನಲು ಬಿಡುತ್ತಿದ್ದ ಒಂದು ತಾಸಿನಲ್ಲಿ ಅರ್ಧ ತಾಸು ಹೊಲಿಗೆ. ಶೆಡ್ಡಿನ ಹಿಂದಿನ ಬೇವಿನ ಮರದ ಕೆಳಗೆ ಎಂಟು ಹೆಂಗಸರು ನಾಲ್ಕೂ ಕಡೆಯಿಂದ ಸೂಜಿ ಓಡಿಸುತ್ತಿದ್ದರು. ಆದರೆ ಸಿಮೆಂಟಿನ ತಂಪು ತಡೆಯಲು ನಡುವೆ ದಪ್ಪನೆಯದೊಂದು ಪದರ ಬೇಕಿತ್ತು. ಹರಕು ಗೋಣಿಚೀಲದ ಗುಡ್ಡೆ ಶೆಡ್ಡಿನ ಮೂಲೆಯಲ್ಲೇ ಬಿದ್ದಿತ್ತು. ಫಕ್ಕೀರವ್ವ ಕೊಟ್ರಪ್ಪನನ್ನೇ ಕೇಳಿದಳು.

"ಒಯ್ಯಿ," ಎಂದ ಅವನು, ಮೊಬೈಲಿನಿಂದ ಕಣ್ಣೆತ್ತದೆ. "ಹರಕ ಚೀಲಾನ ಏನ ಪೂಜಿ ಮಾಡ್ಲೇನು."

ಚೀಲಗಳನ್ನು ಹೊಂಡಕ್ಕೆ ಒಯ್ದು ಏಳು ಸಲ ಒಗೆದರು. ಬಂಡೆಗೆ ಬಡಿದರು, ಹಿಂಡಿದರು, ಮೂರು ದಿನ ಬಿಸಿಲಿಗೆ ಹಾಕಿದರು. ಆಮೇಲೆ ಒಬ್ಬೊಬ್ಬರೂ ಮೂಸಿ ನೋಡಿದರು. ಏನೂ ಇಲ್ಲ. ಕೆನ್ನೆಗೆ ಒತ್ತಿಕೊಂಡು ನೋಡಿದರು. ಏನೂ ಇಲ್ಲ. ಬಿಸ್ಮಿಲ್ಲಾಬಿ ನಾಲಗೆ ತಾಗಿಸಿಯೂ ನೋಡಿದಳು.

"ಹಾಲಿನಂಗ ಐತಿ," ಎಂದಳು.

ಎಂಟು ಮೂಗು, ಎಂಟು ಕೆನ್ನೆ, ಒಂದು ನಾಲಗೆ ಸಾಕ್ಷಿ ಹೇಳಿದವು. ಆ ಮೂಗುಗಳು ಯಾವ ಶೆಡ್ಡಿನವು, ಆ ನಾಲಗೆ ಎಷ್ಟು ವರ್ಷದಿಂದ ಖಾರದ ಗಾಳಿ ನುಂಗಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಅದೊಂದು ತಪ್ಪು ಅವರದೇ.

ಸಂಕ್ರಾಂತಿಗೆ ಎಂಟು ದಿನ ಮೊದಲು ಕೌದಿ ಮುಗಿಯಿತು. ಕೊನೆಯ ಮೂಲೆ ಹೊಲಿಯುವ ಮುನ್ನ ಫಕ್ಕೀರವ್ವ ಒಳಗೆ ಒಂದು ಹಿಡಿ ಬಿಳಿಜೋಳ ಹಾಕಿದಳು. ಕೌದಿಯ ಹೊಟ್ಟೆ ಖಾಲಿ ಇದ್ದರೆ ಅದರ ಮೇಲೆ ಕೂತವರು ಹಸಿಯುತ್ತಾರೆ ಎಂದು ಅವ್ವ ಹೇಳಿಕೊಟ್ಟಿದ್ದಳು. ನಾಲ್ವರು ಅದನ್ನು ತಲೆಯ ಮೇಲೆ ಹೊತ್ತು ಶಾಲೆಗೆ ಒಯ್ದರು. ಹಾಸಿದಾಗ ಖೋಲಿಯ ನೆಲವೇ ಕಾಣಲಿಲ್ಲ. ಮಕ್ಕಳು ಅದರ ಮೇಲೆ ಬಿದ್ದು ಹೊರಳಾಡಿದವು. ಸುಧಾರಾಣಿ ಟೀಚರು ಚಪ್ಪಲಿ ಬಿಟ್ಟು ತಾವೂ ಕೂತರು.

ಒಂದು ತಾಸಿನಲ್ಲಿ ಸೀನು ಶುರುವಾಯಿತು.

ಚಡ್ಡಿ, ಲಂಗದ ಮಕ್ಕಳು. ತೊಡೆ ಕೆಂಪಾದವು. ತುರಿಸಿದ ಕೈ ಕಣ್ಣಿಗೆ ಹೋಯಿತು. ಸಿಮ್ರಾನಳ ಕಣ್ಣು ಮುಚ್ಚಿಕೊಂಡಿತು. ಟೀಚರು ಕೊಡಗಟ್ಟಲೆ ನೀರು ಸುರಿದರು. ಮಧ್ಯಾಹ್ನದ ಹೊತ್ತಿಗೆ ಗೇಟಿನ ಮುಂದೆ ತಾಯಂದಿರು ಸೇರಿದರು. ಫಕ್ಕೀರವ್ವ ಶೆಡ್ಡಿನಿಂದ ಓಡಿ ಬಂದಳು. ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು, ಕಳ್ಳಿಯ ಹಾಗೆ ನಿಂತಳು.

"ತಪ್ಪ ನಮ್ಮದರಿ. ನಮಗ ಗೊತ್ತಾಗಲಿಲ್ಲ. ಕೊಡ್ರಿ, ಬಿಚ್ಚಿ ಚೀಲಾ ತಗದ ಹೊಳ್ಳಿ ಹೊಲದ ಕೊಡ್ತೇವಿ."

ಕಿರಾಣಿ ಅಂಗಡಿಯ ಸುಶೀಲವ್ವ, ಸಮಿತಿಯ ಸದಸ್ಯೆ, ಮುಂದೆ ನಿಂತಿದ್ದಳು. "ಚೀಲ ಒಂದs ಅಲ್ಲವಾ. ಯಾರ್ಯಾರ ಮೈಮ್ಯಾಲಿನ ಅರಿವಿನೋ ಏನೋ. ನಮ್ಮ ಹುಡುಗರನ್ನ ಅದರ ಮ್ಯಾಲ ಕುಂದರಿಸಿದ್ದ ತಪ್ಪು."

ಅಷ್ಟೇ ಅಂದಳು. ದನಿ ಏರಿಸಲೂ ಇಲ್ಲ. ಆದರೆ ಆ ಮಾತು ಬಂದ ಮೇಲೆ ಅಲ್ಲಿ ಖಾರದ ಸುದ್ದಿ ಯಾರೂ ಎತ್ತಲಿಲ್ಲ. ಅದೇನು ಉರಿಯೆಂದು ಎಲ್ಲರಿಗೂ ತಿಳಿಯಿತು.

ಹೆಡ್ ಮಾಸ್ತರು "ನೋಡೂಣು, ಆತು ನೋಡೂಣು" ಎಂದು ಎಲ್ಲರನ್ನೂ ಕಳಿಸಿದರು. ಕೌದಿಯನ್ನು ಮಾತ್ರ ವಾಪಸು ಕೊಡಲಿಲ್ಲ.

ಸಂಕ್ರಾಂತಿ ಮುಗಿದ ಮಾರನೆಯ ದಿನ ಶಾಲೆಯ ಮುಂದೆ ಒಂದು ಟೆಂಪೋ ನಿಂತಿತು. ಹತ್ತು ಹೊಸ ಬೆಂಚು ಇಳಿದವು. ಬೆನ್ನಿಗೆ ಹಳದಿ ಬಣ್ಣದಲ್ಲಿ 'ದಾನಿಗಳು: ಶ್ರೀ ಕೊಟ್ರಪ್ಪ, ಬ್ಯಾಡಗಿ' ಎಂದು ಬರೆದಿತ್ತು. ಒಂದು ಬೆಂಚಿಗೆ ಮೂರು ಮಕ್ಕಳು, ಹತ್ತಕ್ಕೆ ಮೂವತ್ತು. ಖೋಲಿಯಲ್ಲಿದ್ದವರು ನಲವತ್ತೊಂದು. ಕೇರಿಯವರು ಹನ್ನೊಂದು. ಇದು ಕಣ್ತಪ್ಪಿನಿಂದ ಆಗುವಂಥದ್ದಲ್ಲ. ಯಾರೋ ಕೂತು, ಯೋಚನೆ ಮಾಡಿ, ಇಷ್ಟೇ ಸಾಕು ಎಂದಿದ್ದರು.

ಫಕ್ಕೀರವ್ವನಿಗೆ ಇದು ತಿಳಿದದ್ದು ಮಗಳ ತೊಡೆಯಿಂದ. ಸಂಜೆ ಮಧು ಲಂಗ ಎತ್ತಿಕೊಂಡು ಮೋರಿಯ ಹತ್ತಿರ ನೀರು ಹೊಯ್ದುಕೊಳ್ಳುತ್ತಿದ್ದಳು. ತೊಡೆಯ ಹಿಂಭಾಗ ಕೆಂಪಗೆ ಗಂಧೆ ಎದ್ದಿತ್ತು.

"ಇದೇನಾತು?"

"ಕೌದೀದು."

"ಬೆಂಚ ಬಂದಾವಂತಲ್ಲ?"

"ಬೆಂಚ ಅವರಿಗೆ. ಸಿಮ್ರಾನನೂ ಬೆಂಚಿನ ಮ್ಯಾಲ. ನಾವು ಕೌದಿ ಮ್ಯಾಲ ಕುಂದರತೇವಿ, ಹಿಂದ, ಬಾಗಿಲ ಕಡೆ. ಕೌದಿ ನಮ್ಮದಲ್ಲಾ ಅದಕ್ಕ." ಹುಡುಗಿಯ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. "ನಮ್ಮವ್ವ ಮಾಡಿದ್ದು ಅಂತ ನಾ ಎಲ್ಲಾರಿಗೂ ಹೇಳೇನಿ."

"ಉರಿತೈತೇನ?"

ಮಧು ಇನ್ನೊಂದು ತಂಬಿಗೆ ನೀರು ಹೊಯ್ದುಕೊಂಡಳು. ಆಮೇಲೆ, "ನಾ ಹೇಳಿಲ್ಲ. ಹೇಳಿದರ ನಿನಗ ಬೈತಾರ," ಎಂದಳು.

ಫಕ್ಕೀರವ್ವ ಮೋರಿಯ ಕಟ್ಟೆಯ ಮೇಲೆ ಕೂತಳು. ತಾನೇ ಹೊಲಿದದ್ದು. ತನ್ನ ಕೈಯಾರೆ, ಎಂಟು ಹೆಂಗಸರನ್ನು ಕೂಡಿಸಿ, ಗಂಡನ ಅಂಗಿ ಕತ್ತರಿಸಿ, ಜೋಳ ಹಾಕಿ. ಊರಿನವರು ಅಷ್ಟು ವರ್ಷ ಬಾಯಲ್ಲಿ ಹೇಳಲು ಹಿಂಜರಿಯುತ್ತಿದ್ದ ಗೆರೆಯನ್ನು ಶಾಲೆಯೊಳಗೆ ಎಳೆಯಲು ಬೇಕಾದದ್ದನ್ನು ಅವಳೇ ತಲೆಯ ಮೇಲೆ ಹೊತ್ತು ಒಯ್ದು ಕೊಟ್ಟಿದ್ದಳು. ಅದೇ ಅವಳಿಗೆ ತಡೆಯಲಾಗಲಿಲ್ಲ.

ಮರುದಿನ ಕೆಲಸಕ್ಕೆ ತಡವಾದರೂ ಆಗಲಿ ಎಂದು ಶಾಲೆಗೆ ಹೋದಳು. ಕಿಟಕಿಯಿಂದ ನೋಡಿದಳು. ಬೆಂಚುಗಳು ಮುಂದೆ. ನಡುವೆ ಎರಡು ಮಾರು ಖಾಲಿ ನೆಲ. ಹಿಂದೆ, ಚಪ್ಪಲಿ ಬಿಡುವ ಜಾಗದ ಪಕ್ಕ, ನಾಲ್ಕು ಮಡಿಕೆ ಮಾಡಿದ ಕೌದಿ. ಅದರ ಮೇಲೆ ಹನ್ನೊಂದು ತಲೆ. ಬೋರ್ಡು ಕಾಣಲೆಂದು ಮಧು ಕುತ್ತಿಗೆ ಉದ್ದ ಮಾಡುತ್ತಿದ್ದಳು.

ಹೆಡ್ ಮಾಸ್ತರು ಅವಳನ್ನು ಕಟ್ಟೆಯ ಮೇಲೇ ತಡೆದರು.

"ನಮ್ಮ ಹುಡುಗರಿಗೂ ಉರಿತೈತ್ರಿ ಸರ್."

"ನಿಮ್ಮ ಹುಡುಗರಿಗೆ ರೂಢಿ ಐತಿ ಅಂತ ಸಮಿತಿಯವರ ಅಂದರು."

"ಯಾರಿಗೂ ಹುಟ್ಟತಾ ರೂಢಿ ಇರೂದಿಲ್ರಿ. ಒಂದೊಂದ ಬೆಂಚಿಗೆ ನಾಕ ನಾಕ ಹುಡುಗರನ್ನ ಹಿಡಸ್ರಿ. ಸಣ್ಣ ಕೂಸ ಅದಾವು, ಹಿಡಿತಾವು."

"ನನಗ ತಿಳಿತೈತವಾ. ಆದರ ಕೊಟ್ಟಾವರ ಮನಸ ಮುರದರ ನಾಳೆ ಟಿ.ವಿ.ನೂ ಬರೂದಿಲ್ಲ, ಫ್ಯಾನೂ ಬರೂದಿಲ್ಲ." ಅವರು ದನಿ ತಗ್ಗಿಸಿದರು. "ಇಪ್ಪತ್ತಾರಕ್ಕ ದಾನಿಗಳ ಸನ್ಮಾನ ಐತಿ. ನಿನ್ನ ಹೆಸರೂ ಹಾಕೇನಿ. ಶಾಲು ಹೊದಸ್ತಾರ. ಅಲ್ಲೀತನ ಸುಮ್ಮನಿರು."

ಆ ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಉಗಿದು ಬರಬಹುದಿತ್ತು. ಸುಧಾರಾಣಿ ಟೀಚರು ಒಳಗಿನಿಂದ ಎಲ್ಲ ಕೇಳುತ್ತಿದ್ದರು. ಕಿಟಕಿಯ ಕಡೆ ಒಮ್ಮೆ ನೋಡಿ, ಬೋರ್ಡಿನ ಕಡೆ ತಿರುಗಿ, ಬರೆದದ್ದನ್ನೇ ಮತ್ತೆ ಬರೆದರು.

ಜನವರಿ ಇಪ್ಪತ್ತಾರು ಬಂತು. ಧ್ವಜ ಹಾರಿತು. ಮಕ್ಕಳು ಸಂವಿಧಾನದ ಪೀಠಿಕೆ ಓದಿದರು. ಸಮಾನತೆ ಎಂಬ ಶಬ್ದ ಬಂದಾಗ ಮಧುವಿನ ದನಿ ಎಲ್ಲರಿಗಿಂತ ಜೋರಾಗಿತ್ತು. ಅರ್ಥಕ್ಕಲ್ಲ, ಆ ಕಠಿಣ ಶಬ್ದ ತನಗೆ ತೊದಲದೆ ಬರುತ್ತದೆಂಬ ಖುಷಿಗೆ.

ಆಮೇಲೆ ಎಲ್ಲರೂ ಖೋಲಿಯೊಳಗೆ ಸೇರಿದರು. ಗೋಡೆಯ ಮೇಲೆ ರಿಬ್ಬನ್ನು ಕಟ್ಟಿದ ಟಿ.ವಿ. ಅದರ ಕೆಳಗೆ ಕುರ್ಚಿಗಳಲ್ಲಿ ಕೊಟ್ರಪ್ಪ, ಸುಶೀಲವ್ವ, ಹಾವೇರಿಯಿಂದ, ರಾಣೇಬೆನ್ನೂರಿನಿಂದ ಬಂದ ಅವನ ವ್ಯಾಪಾರದ ಗೆಳೆಯರು. ಬೆಂಚಿನ ಮೇಲೆ ಮೂವತ್ತು ಮಕ್ಕಳು, ಹೊಸ ಬಟ್ಟೆ, ಕೈಯಲ್ಲಿ ಬಾವುಟ. ಹಿಂದೆ ಬಾಗಿಲ ಬಳಿ ಹನ್ನೊಂದು. ಕೇರಿಯ ಹೆಂಗಸರು, ಅವರ ಜೊತೆ ಬಿಸ್ಮಿಲ್ಲಾಬಿ, ಬಾಗಿಲ ಹೊರಗೆ ನಿಂತಿದ್ದರು. ಫೋಟೋದವನು ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ಸರಿಯುತ್ತ ಕೌದಿಯ ಮೇಲೆ ಕಾಲಿಟ್ಟು, "ಏ, ಹಿಂದ ಸರೀರಿ" ಎಂದು ಆ ಮಕ್ಕಳನ್ನು ಇನ್ನೂ ಹಿಂದೆ ಗೋಡೆಗೆ ಒತ್ತಿದ.

ಹೆಸರುಗಳನ್ನು ಕೂಗಿದರು. ಫ್ಯಾನಿನವರು, ಕಪಾಟಿನವರು, ಫಿಲ್ಟರಿನವರು. ಒಬ್ಬೊಬ್ಬರಿಗೂ ಶಾಲು, ಹಾರ, ಚಪ್ಪಾಳೆ. ಕೊನೆಗೆ, "ನೆಲಹಾಸಿನ ದಾನಿ, ಶ್ರೀಮತಿ ಫಕ್ಕೀರವ್ವ."

ಫಕ್ಕೀರವ್ವ ಒಳಗೆ ಬಂದಳು. ಸುಧಾರಾಣಿ ಟೀಚರು ಶಾಲು ಹಿಡಿದು ಮುಂದೆ ನಿಂತಿದ್ದರು. ಅವಳು ಆ ಕಡೆ ಹೋಗಲಿಲ್ಲ. ಕೌದಿಯ ಹತ್ತಿರ ಹೋಗಿ ನಿಂತಳು.

"ಏಳ್ರಿ."

ಮಕ್ಕಳು ಎದ್ದವು. ಅವಳು ಕೌದಿಯ ಮೂಲೆ ಹಿಡಿದು ಎಳೆದಳು. ಭಾರವಿತ್ತು. ಬೆಂಚುಗಳ ನಡುವೆ ದರದರ ಎಳೆದುಕೊಂಡು ಹೋಗಿ ಕುರ್ಚಿಗಳ ಎದುರು ಹಾಕಿದಳು. ಧೂಳೆದ್ದಿತು. ಹಾವೇರಿಯವನೊಬ್ಬ ಸೀನಿದ.

"ಸಾಹುಕಾರ್ರ, ಶಾಲ ಆಮ್ಯಾಲ. ಮೊದಲ ಇದರ ಮ್ಯಾಲ ಒಂದ ಗಳಿಗಿ ಕುಂದ್ರಿ."

ಕೊಟ್ರಪ್ಪ ನಕ್ಕ, ನಗು ಪೂರ್ತಿ ಬರಲಿಲ್ಲ. "ಏನ ಹುಚ್ಚ ಹಿಡದೈತೇನ ನಿನಗ?"

"ನಮ್ಮ ಹುಡುಗರು ಹತ್ತ ದಿನದಿಂದ ಕುಂತಾವು. ನೀವ ಒಂದ ಗಳಿಗಿ ಕುಂದ್ರಿ. ಪಂಚೆ ಎತ್ತಿ, ಬರೇ ತೊಡಿಲೆ ಕುಂದ್ರಿ."

"ಕೇರಿ ಕೌದಿ ಮ್ಯಾಲ ನಾ ಕುಂದರಬೇಕ?" ಅವನ ಬಾಯಿಂದ ಅದು ಜಾರಿಬಿಟ್ಟಿತು. ಹೊರಗೆ ನಿಂತ ಹೆಂಗಸರಿಗೂ ಕೇಳಿಸಿತು.

ಫಕ್ಕೀರವ್ವ ಮಂಡಿಯೂರಿ ಕೂತಳು. ಬಲಗೈ ಹೆಬ್ಬೆರಳಿನ ಉಗುರನ್ನು ಮೂಲೆಯ ಹೊಲಿಗೆಗೆ ತೂರಿಸಿದಳು. ಲಕ್ಷ ಲಕ್ಷ ತೊಟ್ಟು ಮುರಿದ ಉಗುರು. ಟಿಕ್, ಟಿಕ್ ಎಂದು ದಾರ ಹರಿಯಿತು. ತಾನು ಹಾಕಿದ ಹೊಲಿಗೆ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಒಳಗಿನ ಬಿಳಿಜೋಳ ನೆಲದ ಮೇಲೆ ಚೆಲ್ಲಿತು. ಗಂಡನ ಅಂಗಿಯ ತುಂಡನ್ನು ಬದಿಗೆ ಸರಿಸಿ, ಒಳಗೆ ಕೈ ಹಾಕಿ ಗೋಣಿಯನ್ನು ಹೊರಗೆ ಎಳೆದಳು. ಏಳು ಸಲ ಒಗೆದರೂ ಮಾಸದ ನೀಲಿ ಅಕ್ಷರ ಅದರ ಮೇಲಿತ್ತು.

"ಮಧು, ಬಾ ಇಲ್ಲಿ. ಇದನ್ನ ಓದು."

ಮಧು ಬಂದಳು. ಕುರ್ಚಿಯವರನ್ನು ನೋಡಿದಳು, ಟೀಚರನ್ನು ನೋಡಿದಳು. ಬೆರಳಿಟ್ಟು ಓದಿದಳು. "ಕೊಟ್ರಪ್ಪ... ಅಂಡ್... ಸನ್ಸ್. ಮೆಣಸಿನಕಾಯಿ ವ್ಯಾಪಾರಸ್ಥರು. ಬ್ಯಾಡಗಿ."

"ಹೊಳ್ಳಿ ಓದು."

ಮಧು ಮತ್ತೆ ಓದಿದಳು. ಈ ಸಲ ತೊದಲಲಿಲ್ಲ.

"ಬೆಂಚಿನ ಮ್ಯಾಲೂ ನಿಮ್ಮ ಹೆಸರು. ಇದರಾಗೂ ನಿಮ್ಮ ಹೆಸರು," ಎಂದಳು ಫಕ್ಕೀರವ್ವ. ಕೂಗಲಿಲ್ಲ. "ಚೀಲ ನಿಮ್ಮದು. ಖಾರ ನಿಮ್ಮದು. ಆ ಖಾರದಾಗ ಗಳಿಸಿ ಬೆಂಚ ಕೊಟ್ರಿ, ಅದು ದಾನ ಆತು. ಅದs ಖಾರ ನಮ್ಮ ಕೈಯಾಗ ಬಂದರ ಕೇರಿ ಕೌದಿ ಆತು. ಉರಿಯೂದು ನಿಮ್ಮದು, ಹೊಲಸು ನಮ್ಮದು. ಇದ್ಯಾವ ನ್ಯಾಯ?"

ಕೊಟ್ರಪ್ಪ ಎದ್ದು ನಿಂತ. "ಬೆಂಚ ನಂದು. ಅದರ ಮ್ಯಾಲ ಯಾರ ಕುಂದರಬೇಕನ್ನೂದೂ ನಂದು. ಇದನ್ನ ತಗೊಂಡ ಹೊರಗ ನಡಿ. ನಾಳಿಂದ ಶೆಡ್ಡಿನ ಕಡೆ ಮುಖ ಹಾಕಬ್ಯಾಡ."

"ಆತ್ರಿ. ಹಾಕೂದಿಲ್ಲ."

"ಪ್ಯಾಟ್ಯಾಗ ಇನ್ನ ಯಾವ ಅಂಗಡ್ಯಾಗೂ ನಿನಗ ಕೆಲಸ ಇಲ್ಲ."

"ಅದೂ ಆತ್ರಿ."

ಅವಳಿಗೆ ಭಯವಿತ್ತು. ಭಯವಿರಲಿಲ್ಲ ಎಂದು ಬರೆದರೆ ಅದು ಕಥೆಯಾಗುತ್ತದೆ, ಫಕ್ಕೀರವ್ವ ಆಗುವುದಿಲ್ಲ. ಆ ಭಯದಲ್ಲೇ ಕೌದಿಯನ್ನು ಸುತ್ತಿದಳು. ಬಾಗಿಲಲ್ಲಿದ್ದ ಹೆಂಗಸರು ಒಬ್ಬೊಬ್ಬರೇ ಒಳಗೆ ಬಂದು ಒಂದೊಂದು ಮೂಲೆ ಹಿಡಿದರು. ಬಿಸ್ಮಿಲ್ಲಾಬಿ ನೆಲದ ಮೇಲಿನ ಜೋಳವನ್ನು ಸೆರಗಿಗೆ ಆರಿಸಿಕೊಂಡಳು. ಹೊರಡುವ ಮುಂಚೆ ಫಕ್ಕೀರವ್ವ ಗೋಡೆಗೆ ಒತ್ತಿ ನಿಂತ ಮಕ್ಕಳ ಕಡೆ ತಿರುಗಿದಳು.

"ಬೆಂಚಿನ ಮ್ಯಾಲ ಜಾಗ ಕೊಡೂತನ ನೀವ ನೆಲದಾಗ ಕುಂದರಬ್ಯಾಡ್ರಿ. ನಿಂದ್ರಿ. ನಿಂತs ಕಲೀರಿ."

ಶಾಲು ಸುಧಾರಾಣಿ ಟೀಚರ ಕೈಯಲ್ಲೇ ಉಳಿಯಿತು.

ಇಪ್ಪತ್ತೇಳರಿಂದ ಹನ್ನೊಂದು ಮಕ್ಕಳು ನಿಂತವು. ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ, ಪಾಟಿಯನ್ನು ಎದೆಗೆ ಒತ್ತಿ ಹಿಡಿದು ನಿಂತು ಬರೆದವು. ಹೆಡ್ ಮಾಸ್ತರು ಗದರಿದರು. ಟೀಚರು ಬೇಡಿಕೊಂಡರು. ಮೂರನೆಯ ದಿನ ಇಬ್ಬರು ನೆಲದ ಮೇಲೆ ಕೂತರು. ಅವರ ಅಪ್ಪಂದಿರು ಕೊಟ್ರಪ್ಪನಲ್ಲಿ ಹಮಾಲರು. ಫಕ್ಕೀರವ್ವ ಅವರನ್ನು ಬೈಯಲಿಲ್ಲ, ಬೈಯುವ ಮುಖ ಯಾರಿಗೂ ಇರಲಿಲ್ಲ. ಗೇಟಿನ ಹಾಳೆಯಲ್ಲಿ ಅವಳ ಹೆಸರಿನ ಮೇಲೆ ಬಿಳಿ ಕಾಗದ ಹಚ್ಚಿದರು. ಹೆಡ್ ಮಾಸ್ತರು "ಹಾವೇರಿ ಆಫೀಸಿಗೆ ಬರದೇನಿ" ಎನ್ನುತ್ತಿದ್ದರು. ಬರೆದರೋ ಇಲ್ಲವೋ, ಯಾರೂ ಬರಲಿಲ್ಲ.

ಪೇಟೆಯಲ್ಲಿ ಅವಳಿಗೆ ಕೆಲಸ ಸಿಗಲಿಲ್ಲ. ಸಾಹುಕಾರ ಹೇಳಿದ ಮಾತಿನಲ್ಲಿ ಅದೊಂದು ನಿಜವಾಯಿತು. ಬೆಳಗಿನ ಆರರ ಬಸ್ಸು ಹತ್ತಿ ರಾಣೇಬೆನ್ನೂರಿನ ಕಡೆ ಬೀಜ ತಯಾರಿಸುವ ಹೊಲಗಳಿಗೆ ಹೋಗತೊಡಗಿದಳು. ಅಲ್ಲಿ ಟೊಮೆಟೊ ಹೂವಿನ ಎಸಳು ಬಿಡಿಸಿ ಇನ್ನೊಂದು ಹೂವಿನ ಪರಾಗದ ಪುಡಿ ಸೋಕಿಸುವ ಕೆಲಸ. ದಿನವೆಲ್ಲ ಬಗ್ಗಿ ನಿಲ್ಲಬೇಕು. ಅವಳ ಮೊಂಡುಗೈಗೆ ಹೂವು ಹರಿದು ಬರುತ್ತಿತ್ತು, ಮೇಸ್ತ್ರಿಯ ಬೈಗುಳ ಬೀಳುತ್ತಿತ್ತು. ಸುಧಾರಾಣಿ ಟೀಚರು ಒಂದು ಸಂಜೆ ಮನೆಗೆ ಬಂದು, ಕೌದಿ ಕೊಡು, ಮಕ್ಕಳ ಕಾಲು ನೋಡಲಾಗುತ್ತಿಲ್ಲ ಎಂದು ಅತ್ತರು. ಗೋಣಿ ತೆಗೆದು, ಹೊಸದಾಗಿ ಹೊಲಿದ ಕೌದಿ ಮೂಲೆಯಲ್ಲೇ ಇತ್ತು.

"ನಲವತ್ತೊಂದೂ ಅದರ ಮ್ಯಾಲ ಕುಂದರತಾವಂದ್ರ ಈಗ ಒಯ್ರಿ," ಎಂದಳು ಫಕ್ಕೀರವ್ವ.

ಟೀಚರು ಬರಿಗೈಲಿ ಹೋದರು.

ಒಂಬತ್ತನೆಯ ದಿನ. ಬಸ್ಸಿಳಿದು ಬಂದಾಗ ಹೊತ್ತು ಮುಳುಗುತ್ತಿತ್ತು. ಮಧು ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಮೀನಖಂಡ ಬಿಗಿದುಕೊಂಡು ಕಲ್ಲಾಗಿತ್ತು.

"ಇವತ್ತ ಸಿಮ್ರಾನನೂ ನಿಂತ್ಲು," ಎಂದಳು.

"ಬೆಂಚ ಬಿಟ್ಟ?"

"ಹೂಂ. ಟೀಚರ್ ಕುಂದರು ಅಂದ್ರು. ಕುಂದರಲಿಲ್ಲ. ಜಾಗ ಐತಿ ಬಾ ಅಂತ ನನ್ನ ಕರದ್ಲು, ಸುಶೀಲವ್ವನ ಮೊಮ್ಮಗ ಸರೀಲಿಲ್ಲ. ಅದಕ್ಕ ಆಕೀನ ಎದ್ಲು."

ಫಕ್ಕೀರವ್ವ ಮಗಳ ಎದುರು ಕೂತಳು. ಕಾಲು ಒತ್ತಬೇಕೆನಿಸಿತು. ಕೈ ಮುಂದೆ ಹೋಗಿ ನಿಂತಿತು. ಒಂಬತ್ತು ದಿನ ಮೆಣಸಿನಕಾಯಿ ಮುಟ್ಟಿಲ್ಲ. ಮೂರು ಸಲ ಸಾಬೂನು ಹಚ್ಚಿ ತೊಳೆದಿದ್ದಳು. ಅಂಗೈ ಮೂಸಿದಳು, ಏನೂ ಇಲ್ಲ. ಆದರೆ ಅಂದು ಹೊಂಡದ ದಂಡೆಯಲ್ಲೂ ಹೀಗೇ ಏನೂ ಇರಲಿಲ್ಲ. ತನ್ನ ಮೂಗನ್ನು, ತನ್ನ ಚರ್ಮವನ್ನು ಅವಳು ಇನ್ನು ನಂಬುವ ಹಾಗಿರಲಿಲ್ಲ.

ಒಂದೇ ಬೆರಳನ್ನು ಮಗಳ ಮೀನಖಂಡಕ್ಕೆ ತಾಗಿಸಿದಳು.

"ಉರಿತೈತೇನ?"

"ಇಲ್ಲ."

ಅಂಗೈ ಪೂರ್ತಿ ಇಟ್ಟಳು. "ಖರೇ ಹೇಳು. ನನಗ ಬೈತಾರಂತ ಮುಚ್ಚಿಡಬ್ಯಾಡ."

"ಖರೇನs. ಉರಿಯಂಗಿಲ್ಲ." ಮಧು ತಾಯಿಯ ಕೈಯನ್ನು ವಿಚಿತ್ರವಾಗಿ ನೋಡಿದಳು. ಒರಟಿತ್ತು, ಬೆಚ್ಚಗಿತ್ತು. ಇನ್ನೊಂದು ಕಾಲನ್ನೂ ತಾಯಿಯ ತೊಡೆಯ ಮೇಲೆ ತಂದಿಟ್ಟಳು.

"ಜೋರ ಒತ್ತಬೇ. ನಾಳಿಗೂ ನಿಂದರಬೇಕಲ್ಲ."